ಹಬ್ಬ ನೋಡಿ ಬರುವಷ್ಟರಲ್ಲಿ ಮನೆಯೇ ಜಾಗ ಬದಲಿಸಿತ್ತು

ಪ್ಯಾಡ್‌ಸ್ಟೋದ 'ಆಬಿ ಆಸ್' ಅನ್ನುವ ಕುದುರೆ ವೇಷದ ಹಬ್ಬ ಮೇ 1ಕ್ಕೆ. ನಾವು ಮಾತ್ರ ಏಪ್ರಿಲ್ 30ರ ಸಂಜೆಯೇ ಊರು ಮುಟ್ಟಬೇಕಿತ್ತು. ನಾನು, ನನ್ನವಳು ಇಬ್ಬರೂ 31 ಅಡಿಯ ಹಾಯಿದೋಣಿಯಲ್ಲೇ ಸಂಸಾರ ಮಾಡುವವರು. ಹಾಗಾಗಿ ಎಲ್ಲಿಗೆ ಹೊರಟರೂ ಮೊದಲು ನೋಡುವುದು ಭರತ-ಇಳಿತದ ಪಟ್ಟಿ, ಆಮೇಲೆ ಉಳಿದದ್ದು.

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಕ್ಯಾಮೆಲ್ ನದಿಯ ಅಳಿವೆಯ ಒಳಗಿದೆ ಈ ಊರು. ಅಳಿವೆ ಬಾಗಿಲಿಗೆ ಅಡ್ಡ ಮಲಗಿರುವ ಮರಳದಿಬ್ಬದ ಹೆಸರು ಡೂಮ್ ಬಾರ್. ಹತ್ತೊಂಬತ್ತನೇ ಶತಮಾನದಿಂದ ಈಚೆಗೆ ಅಲ್ಲಿ ಮಗುಚಿದ, ಮರಳು ಹತ್ತಿದ, ಒಡೆದ ಹಡಗು ದೋಣಿಗಳ ಲೆಕ್ಕ 600 ದಾಟುತ್ತದೆ. ಗಂಗೊಳ್ಳಿ ಅಳಿವೆಯಲ್ಲಿ ದೋಣಿಗಳು ಪಡುವ ಪಾಡು ನೋಡಿ ಬೆಳೆದವನು ನಾನು, ಹೆಸರು ಕೇಳಿಯೇ ಹೊಟ್ಟೆ ಬಿಗಿಯಿತು. ವಾಯವ್ಯದ ಗಾಳಿ ಜೋರಿದ್ದಾಗ, ಅಥವಾ ನೀರು ಇಳಿದಿದ್ದಾಗ ಅಲ್ಲಿಗೆ ಹೋಗಲೇಬಾರದು. ನಾವು ನ್ಯೂಲಿನ್ ಬಂದರಿನಿಂದ ನಸುಕಿಗೇ ಬಿಟ್ಟು, ಲ್ಯಾಂಡ್ಸ್ ಎಂಡ್ ಭೂಶಿರ ಸುತ್ತಿ, ನೀರು ಏರುತ್ತಿರುವಾಗ ದಾರಿ ತೋರಿಸಲು ತೇಲಿಬಿಟ್ಟ ಬೋಯೆಗಳ ಸಾಲು ಹಿಡಿದು ಒಳಗೆ ಬಂದೆವು.

ಒಳಬಂದರಿಗೆ ಒಂದು ಗೇಟಿದೆ. ಪೂರ್ತಿ ಭರತಕ್ಕೆ ಸುಮಾರು 2 ಗಂಟೆ ಮೊದಲು ತೆಗೆದು, ಭರತ ಕಳೆದು ಸುಮಾರು 2 ಗಂಟೆಗೆ ಮುಚ್ಚುತ್ತಾರೆ. ಅಲ್ಲಿ ನೀರಿನ ಏರಿಳಿತ ಹುಣ್ಣಿಮೆಯ ಹೊತ್ತಿಗೆ 6 ಮೀಟರ್ ಮೀರುತ್ತದೆ, ನಮ್ಮೂರಿನ ಒಂದೂವರೆ ಮೀಟರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಧ್ಯಾಹ್ನ ಹೊರಬಂದರಿನಲ್ಲಿ ಬರೀ ಕೆಸರು. ಗೇಟು ಮುಚ್ಚಿದ್ದರಿಂದ ಒಳಗಿನ ದೋಣಿಗಳು ಮಾತ್ರ ತೇಲುತ್ತಾ ಇರುತ್ತವೆ. ಅದಕ್ಕೇ ಹಬ್ಬದ ದಿನ ಡಿಂಗಿ (ದಡಕ್ಕೆ ಹೋಗುವ ಪುಟ್ಟ ದೋಣಿ), ಲಂಗರು ಅಂತ ತಲೆ ಕೆಡಿಸಿಕೊಳ್ಳದೆ ಒಳಗೇ ಕಟ್ಟಿ ನಡೆದುಕೊಂಡು ಹೋಗುವುದು ಒಳ್ಳೆಯದು. ಆದರೆ ಗೋಡೆಯಲ್ಲಿ ಜಾಗ ಇರಲಿಲ್ಲ. ಒಬ್ಬ ಮುದುಕರ ದೋಣಿಯ ಮಗ್ಗುಲಿಗೆ ನಮ್ಮದನ್ನು ಕಟ್ಟಿದೆವು. ಅವರು ಗೋಡೆಯ ಕಡೆ, ನಾವು ಹೊರಗಡೆ; ನಾವು ಸರಿಯದೆ ಅವರು ಹೊರಡುವ ಹಾಗಿಲ್ಲ. "ನಾಳೆ ಸಂಜೆ ಗೇಟು ತೆಗೆದ ಕೂಡಲೇ ನಾನು ಹೊರಡಬೇಕು" ಅಂದರು. "ಐದಕ್ಕೆ ಬಂದೇ ಬರ್ತೇವೆ" ಅಂದೆ. ಈ ಮಾತು ನೆನಪಿಟ್ಟುಕೊಳ್ಳಿ.

ನಡುರಾತ್ರಿ ಗೋಲ್ಡನ್ ಲಯನ್ ಅನ್ನುವ ಹೋಟೆಲ್ ಮುಂದೆ ಊರವರು ಸೇರಿ ಹಾಡಿದರು. ವಾದ್ಯ ಇಲ್ಲ, ಬರೀ ಗಂಟಲು. ಬೆಳಿಗ್ಗೆ ಎದ್ದು ನೋಡಿದರೆ ಬೀದಿಗೆಲ್ಲ ಹಸಿರು ಕೊಂಬೆ, ಹೂವು. ನಾನು ಬಿಳಿ ಅಂಗಿ, ಬಿಳಿ ಪ್ಯಾಂಟು ತೆಗೆದಿಟ್ಟಿದ್ದೆ. ಅದು ಊರವರ ಬಟ್ಟೆ, ಹೊರಗಿನವರು ಹಾಕಿಕೊಳ್ಳುವುದಲ್ಲ ಅಂತ ಆ ಮುದುಕರೇ ಹೇಳಿದರು. ಬಚಾವಾದೆ.

ಆಸ್ ಅಂದರೆ ಕುದುರೆ, ಆದರೆ ಕುದುರೆಯ ಹಾಗೆ ಕಾಣುವುದೇ ಇಲ್ಲ. ಸುಮಾರು 6 ಅಡಿ ಅಗಲದ ಬಳೆ, ಅದರಿಂದ ಸುತ್ತ ಇಳಿಬಿದ್ದ ಕರಿ ಬಟ್ಟೆ, ಒಳಗೆ ಒಬ್ಬ ಮನುಷ್ಯ, ಮೇಲೆ ಹೆದರಿಕೆ ಹುಟ್ಟಿಸುವ ಮುಖವಾಡ. ನನ್ನ ಕಣ್ಣು ಮಾತ್ರ ಆ ಬಟ್ಟೆಗೆ ಹೊಲಿಗೆ ಹೇಗೆ ಹಾಕಿದ್ದಾರೆ ಅಂತ ಹುಡುಕುತ್ತಿತ್ತು, ಹಾಯಿ ಹೊಲಿದು ಹೊಲಿದು ಬಂದ ಚಾಳಿ! ಇಂಥವು ಎರಡಿವೆ. ನೀಲಿ ರಿಬ್ಬನ್ನಿನದು ಹತ್ತಕ್ಕೆ, ಕೆಂಪು ಪಟ್ಟಿಯವರ ಹಳೆಯದು ಹನ್ನೊಂದಕ್ಕೆ ಹೊರಡುತ್ತವೆ. ಮುಂದೆ 'ಟೀಸರ್' ಬಣ್ಣದ ಗದೆಯಂಥದ್ದು ಹಿಡಿದು ಅದನ್ನು ಕೆಣಕುತ್ತಾ ಕುಣಿಯುತ್ತಾನೆ. ಹಿಂದೆ ಅಕಾರ್ಡಿಯನ್, ಡೋಲು. ಹಾಡು ನಿಧಾನವಾಗುತ್ತಿದ್ದ ಹಾಗೆ ಕುದುರೆ ಕುಸಿದು ನೆಲಕ್ಕೆ ಬೀಳುತ್ತದೆ, ಸತ್ತೇಹೋಯಿತು ಅನ್ನುವಾಗ ಡೋಲಿಗೆ ಒಂದು ಪೆಟ್ಟು ಬಿದ್ದು, ಎಲ್ಲರೂ ಕೂಗಿ, ಅದು ಜಿಗಿದೇಳುತ್ತದೆ. ನನಗೆ ಗೊತ್ತಿಲ್ಲದೆ ನನ್ನ ಕಾಲೂ ಕುಣಿಯುತ್ತಿತ್ತು. "ತಾಸೆ ಪೆಟ್ಟೊಂದು ಇಲ್ಲ, ಬಾಕಿ ಎಲ್ಲ ನಮ್ಮ ಹುಲಿವೇಷವೇ ಅಲ್ವಾ ಮಾರಾಯ್ರೆ" ಅಂದಳು ನನ್ನವಳು. ಆ ಕರಿ ಬಟ್ಟೆಯೊಳಗೆ ಸಿಕ್ಕಿದ ಹೆಂಗಸಿಗೆ ವರ್ಷದೊಳಗೆ ಮದುವೆ ಇಲ್ಲವೇ ಮಗು ಅನ್ನುವ ನಂಬಿಕೆ ಇದೆ ಅಂತ ಪಕ್ಕದವರು ಹೇಳಿದ್ದೇ ತಡ, ನನ್ನ ಹಿಂದೆ ಅಡಗಿದಳು.

ಇದರ ಬಗ್ಗೆ ಸಿಗುವ ಮೊದಲ ಬರಹ 1803ರದು. ಅದಕ್ಕೂ ಎಷ್ಟು ಹಿಂದಿನದು ಅಂತ ಅಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ.

ಹೊರಗಿನವರಿಗೆ ಒಂದೆರಡು ಮಾತು. ನೀರಿನ ಟ್ಯಾಂಕು ಹಿಂದಿನ ದಿನವೇ ತುಂಬಿಸಿ. ತಿಂಡಿ ದೋಣಿಯಲ್ಲೇ ಮಾಡಿಕೊಳ್ಳಿ, ಮಧ್ಯಾಹ್ನ ಪೇಸ್ಟಿ (ಒಳಗೆ ಹೂರಣ ತುಂಬಿ ಬೇಯಿಸಿದ ಖಾರದ ಕಡುಬಿನಂಥದ್ದು) ಅಂಗಡಿಯ ಸಾಲು ನೋಡಿದರೆ ಹಸಿವೇ ಸಾಯುತ್ತದೆ. ಬೀದಿಗಳು ಇಕ್ಕಟ್ಟು, ಮೆರವಣಿಗೆಯ ಹಿಂದೆ ಸಿಕ್ಕಿಕೊಂಡರೆ ಅದು ಹೋದಷ್ಟೇ ನೀವು ಹೋಗುವುದು.

ನಮಗೆ ಆಗಿದ್ದೂ ಅದೇ. ನಾಲ್ಕೂವರೆಗೆ ದೋಣಿಯ ಕಡೆ ಹೊರಟವರು ನೀಲಿಯ ಹಿಂದೆ ಸಿಕ್ಕಿಬಿದ್ದೆವು. ಫೋನಿಗೆ ಸಿಗ್ನಲ್ ಇಲ್ಲ. ಇದ್ದರೂ ಏನು, ಆ ಮುದುಕರ ನಂಬರೇ ನಮ್ಮಲ್ಲಿರಲಿಲ್ಲ. ದಕ್ಕೆಗೆ ಬಂದಾಗ ಏಳು. ನೋಡಿದರೆ ನಮ್ಮ ಜಾಗದಲ್ಲಿ ನಮ್ಮ ಮನೆ ಇಲ್ಲ! ಎದೆ ಧಸಕ್ಕೆಂದಿತು. ಆಮೇಲೆ ಅವಳೇ ತೋರಿಸಿದಳು: ಎದುರು ಗೋಡೆಗೆ ಕಟ್ಟಿದೆ. ಮುದುಕರು ಅಕ್ಕಪಕ್ಕದವರನ್ನು ಸೇರಿಸಿ, ನಮ್ಮ ಹಗ್ಗ ಬಿಚ್ಚಿ, ದೋಣಿಯನ್ನು ಅತ್ತ ಎಳೆದು ಕಟ್ಟಿ, ತಾವು ಹೊರಟುಹೋಗಿದ್ದರು. ಹಗ್ಗ ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿ ಕಟ್ಟಿದ್ದರು. ಗೋಡೆ ಒರಟು ಅಂತ ತಮ್ಮದೇ ಒಂದು ದೊಡ್ಡ ಫೆಂಡರ್ (ದೋಣಿ ಗೋಡೆಗೆ ಉಜ್ಜದ ಹಾಗೆ ಇಡುವ ಮೆತ್ತೆ) ಕೂಡ ನಡುವೆ ಇಳಿಬಿಟ್ಟಿದ್ದರು.

ಅವತ್ತಿನಿಂದ ಯಾರ ಮಗ್ಗುಲಿಗೆ ಕಟ್ಟಿದರೂ ನನ್ನ ನಂಬರು ಬರೆದು ಬಾಗಿಲಿಗೆ ಅಂಟಿಸುತ್ತೇನೆ. ಫೆಂಡರ್ ಇನ್ನೂ ನಮ್ಮಲ್ಲೇ ಇದೆ. ಅವರ ದೋಣಿ ಎಲ್ಲಾದರೂ ಕಂಡೀತು ಅಂತ ಪ್ರತಿ ಬಂದರಿನಲ್ಲೂ ನೋಡುತ್ತೇವೆ.