ಹೆಸರು ಮರೆತವರು ಕಳಲೆ ಬೇಯಿಸಿದ್ದು

ಕಳೆದ ಮಳೆಗಾಲದಲ್ಲಿ ನಮ್ಮ ಹೈಸ್ಕೂಲಿನ ಹನ್ನೊಂದು ಮಕ್ಕಳ ಜೊತೆ ಒಂದು ನಾಟಕ ಕಟ್ಟಿದೆ. ಹದಿಹರೆಯದ ಹುಡುಗ ಹುಡುಗಿಯರು ಒಂದು ಬೆಳಿಗ್ಗೆ ಕವಲೇದುರ್ಗದ ಕೋಟೆಯೊಳಗೆ ಕಣ್ಣು ಬಿಡುತ್ತಾರೆ. ಹೆಸರು, ಊರು, ಅಪ್ಪ ಅಮ್ಮ ಯಾವುದೂ ನೆನಪಿಲ್ಲ. ಹೊರಗೆ ಹೋಗಲು ದಾರಿ ಸಿಗುತ್ತಿಲ್ಲ. ಕತೆ ಇಷ್ಟೇ.

ಮೊದಲು ಬರೆದದ್ದು ಕೆಟ್ಟದಾಗಿತ್ತು. ಎಲ್ಲರೂ "ನಾನು ಯಾರು?" ಅಂತ ಅಳುವುದೇ ಅಳುವುದು. ಮೂರನೇ ದಿನ ಒಂಬತ್ತನೇ ಕ್ಲಾಸಿನ ಒಬ್ಬಳು ಕೇಳಿದಳು: "ಸಾರ್, ಎಲ್ಲಾ ಮರೆತಿದ್ರೆ ಇವರಿಗೆ ಕನ್ನಡ ಹೆಂಗೆ ಬರುತ್ತೆ?"

ನನ್ನ ಬಾಯಿ ಕಟ್ಟಿತು. ರಾತ್ರಿ ಕೂತು ಓದಿದೆ. ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಅಂತ ಒಬ್ಬರಿದ್ದರು. ಮೂರ್ಛೆರೋಗಕ್ಕೆಂದು 1953ರಲ್ಲಿ ಮಿದುಳಿನ ಆಪರೇಷನ್ ಆಯಿತು. ಆಮೇಲೆ ಹೊಸದೇನೂ ನೆನಪಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದು ದಿನದಿಂದ ದಿನಕ್ಕೆ ಚೆನ್ನಾಗಿ ಬಂತು. ಹಿಂದಿನ ದಿನ ಅದನ್ನೇ ಮಾಡಿದ್ದು ಅವರಿಗೆ ಗೊತ್ತೇ ಇಲ್ಲ! ನನ್ನ ಮಕ್ಕಳದು ಉಲ್ಟಾ ಕೇಸು, ಹಳೆಯದು ಹೋಗಿದೆ. ಆದರೂ ಕೈಯ ನೆನಪೇ ಬೇರೆ ಅನ್ನುವ ಎಳೆ ಸಿಕ್ಕಿತು.

ಮರುದಿನ ಡೈಲಾಗ್ ಎಲ್ಲಾ ಬದಿಗಿಟ್ಟು, "ಕಣ್ಣು ಮುಚ್ಚಿ, ನಿಮ್ಮ ಕೈಗೆ ಏನು ಗೊತ್ತೋ ಅದನ್ನ ಮಾಡಿ" ಅಂದೆ. ಮಾತೇ ಆಡದ ಹುಡುಗನೊಬ್ಬ ನೆಲಕ್ಕೆ ಕೂತ. ಎದುರಿಗೆ ಇಲ್ಲದ ಮೆಟ್ಟುಗತ್ತಿಗೆ ಇಲ್ಲದ ಅಡಿಕೆ ಒತ್ತಿದ, ತಿರುಗಿಸಿದ, ಸಿಪ್ಪೆ ಆಚೆ, ಅಡಿಕೆ ಈಚೆ. ಕೈ ನಿಲ್ಲಲೇ ಇಲ್ಲ. ಎಲ್ಲರೂ ಸುಮ್ನೆ ನೋಡುತ್ತಾ ನಿಂತೆವು. ಅವನ ಪಾತ್ರಕ್ಕೆ ಆಮೇಲೆ ಒಂದು ಮಾತೂ ಬರೆಯಲಿಲ್ಲ.

ಇನ್ನೊಂದು ತಕರಾರು ಬಂತು. "ಗೋಡೆ ಬಿದ್ದ ಕಡೆ ಹಾರಬಹುದಲ್ವಾ ಸಾರ್?" ಕೆಳದಿ ನಾಯಕರ ಆ ಕೋಟೆಗೆ ಮೂರು ಸುತ್ತು ಇದೆ, ಆದರೆ ಈಗ ಅದು ಪಾಳು. ಸರಿ, ಹಾರಲಿ ಅಂದೆ. ಹಾರುತ್ತಾರೆ, ಮಂಜಿನಲ್ಲಿ ನಡೆಯುತ್ತಾರೆ, ಮತ್ತೆ ಕೋಟೆಯೊಳಗಿನ ಅದೇ ಕೆರೆಯ ದಡಕ್ಕೆ ಬರುತ್ತಾರೆ. ಜುಲೈನಲ್ಲಿ ಅಲ್ಲಿಗೆ ಹೋದವರಿಗೆ ಇದು ಜಾಸ್ತಿ ಸುಳ್ಳು ಅನ್ನಿಸಲ್ಲ. ಮಂಜಿಗೆ ಇಬ್ಬರು ಹಿಡಿದ ಒಂದು ಬಿಳಿ ಪಂಚೆ, ಅಷ್ಟೇ ಖರ್ಚು.

ಹೊಟ್ಟೆಗೇನು? ಬಿದಿರ ಮೆಳೆಯಲ್ಲಿ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಸಿಗುತ್ತದೆ. ಹಸಿದವನೊಬ್ಬ ಹಾಗೇ ಬೇಯಿಸಲು ಹೊರಡುತ್ತಾನೆ. ಒಬ್ಬಳು ಕೈಯಿಂದ ಕಿತ್ತುಕೊಳ್ಳುತ್ತಾಳೆ.

"ಹೆಚ್ಚಿ ಮೂರು ದಿನ ನೀರಲ್ಲಿ ಇಡಬೇಕು. ಇಲ್ದಿದ್ರೆ ವಿಷ."

"ಯಾರು ಹೇಳಿದ್ದು ನಿಂಗೆ?"

"ಗೊತ್ತಿಲ್ಲ."

ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುವುದು ನಿಜ. ನೆನೆಹಾಕಿ, ದಿನವೂ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಬೇಕು. ನನಗಂತೂ ಇದರಿಂದ ಇಡೀ ನಾಟಕ ಸಿಕ್ಕಿತು: ಮೂರು ದಿನದ ಹಸಿವು, ಮೂರು ದೃಶ್ಯ, ನಡುವೆ ಒಂದು ಪಾತ್ರೆ.

ಪ್ರದರ್ಶನದ ದಿನ ಎರಡನೇ ದೃಶ್ಯದಲ್ಲಿ ಪಾತ್ರೆಯ ಹುಡುಗ ಗಾಬರಿಯಲ್ಲಿ ನೀರು ಬದಲಿಸದೆ ಹೊರಟೇಬಿಟ್ಟ. ಮುಂದಿನ ಸಾಲಿನಿಂದ ಒಬ್ಬರು ಅಜ್ಜಿ ಎದ್ದು ಕೂಗಿದರು:

"ಏ ಮಾಣಿ, ನೀರು ಚೆಲ್ಲಾ!"

ಅವನು ವಾಪಸ್ ಬಂದು ಚೆಲ್ಲಿದ.