ನವಣೆ ಗಂಜಿ, ಬಿಸಿನೀರು, ಮಜ್ಜಿಗೆ: ಗುವಾಂಗ್‌ಝೌನಲ್ಲಿ ನನ್ನ ಹೊಟ್ಟೆಯ ಕಥೆ

ದಕ್ಷಿಣ ಚೀನಾದ ಗುವಾಂಗ್‌ಝೌನಲ್ಲಿ ಫೆಬ್ರವರಿ ಕಳೆಯುತ್ತಿದ್ದಂತೆ ಗೋಡೆಗಳು ಬೆವರಲು ತೊಡಗುತ್ತವೆ. ದಕ್ಷಿಣದ ಸಮುದ್ರದಿಂದ ಬರುವ ತೇವದ ಗಾಳಿ, ಚಳಿಗೆ ತಣ್ಣಗಾದ ನೆಲ, ಗೋಡೆ, ಕನ್ನಡಿಗಳ ಮೇಲೆ ಹನಿಗಟ್ಟುತ್ತದೆ. ಒಗೆದ ಬಟ್ಟೆ ಒಣಗುವುದಿಲ್ಲ, ಕಪಾಟಿನೊಳಗಿನ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಸ್ಥಳೀಯರು ಈ ಕಾಲವನ್ನು ‘ಹುಯಿನಾನ್ ಟಿಯನ್’ ಎನ್ನುತ್ತಾರೆ. ಹೊರಗಿನ ಈ ತೇವಕ್ಕೂ ಹೊಟ್ಟೆಯೊಳಗಿನ ಉಬ್ಬರಕ್ಕೂ ನಂಟಿದೆ ಎನ್ನುವ ಮಾತು ಕೊಪ್ಪಳದ ಒಣ ಬಿಸಿಲಿನಲ್ಲಿ ಬೆಳೆದ ನನಗೆ ಮೊದಲು ಕೇಳಿಸಿದ್ದು ಇಂಥ ಒಂದು ಋತುವಿನಲ್ಲೇ.

ನನ್ನದು ಬಟ್ಟೆ ಖರೀದಿಯ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಝೊಂಗ್‌ಡಾ ಬಟ್ಟೆ ಮಾರುಕಟ್ಟೆಯ ಓಣಿಗಳಲ್ಲಿ ಸುತ್ತಾಟ. ತಿಂಡಿಗೆ ಬಿಸ್ಕತ್ತು, ಮೂರು ಗಂಟೆಗೆ ಊಟ, ನಡುನಡುವೆ ಫ್ರಿಜ್ಜಿನಿಂದ ತೆಗೆದ ತಂಪು ಪಾನೀಯ, ರಾತ್ರಿ ಹತ್ತರ ಮೇಲೆ ಹೊಟ್ಟೆ ಬಿರಿಯುವಷ್ಟು ಅನ್ನ. ಇದರ ಫಲವಾಗಿ ಉಂಡ ಅರ್ಧ ಗಂಟೆಯಲ್ಲಿ ಹೊಟ್ಟೆ ತಮಟೆಯಾಗುತ್ತಿತ್ತು. ಮಧ್ಯಾಹ್ನ ಕಣ್ಣು ಎಳೆಯುತ್ತಿತ್ತು, ಬೆಳಗ್ಗೆ ಶೌಚ ಸರಿಯಾಗಿ ಆಯಿತೆಂಬ ಸಮಾಧಾನವಿರಲಿಲ್ಲ. ಮೊದಲು ಆಧುನಿಕ ವೈದ್ಯರ ಬಳಿ ಹೋದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ಉಸಿರು ಊದಿಸಿ ನೋಡಿದರು, ಎಂಡೋಸ್ಕೋಪಿ ಮಾಡಿದರು. ಹುಣ್ಣಿಲ್ಲ, ಸೋಂಕಿಲ್ಲ. ‘ಕಾರ್ಯಸಂಬಂಧಿ ಅಜೀರ್ಣ’ ಎಂದು ಬರೆದುಕೊಟ್ಟರು. ಅಂಗದಲ್ಲಿ ದೋಷವಿಲ್ಲ, ಅದರ ನಡವಳಿಕೆಯಲ್ಲಿದೆ ಎಂದು ಅರ್ಥ. ಈ ಪರೀಕ್ಷೆಗಳನ್ನು ಮಾಡಿಸದೆ ನಾನು ಗಂಜಿಯ ಮೊರೆ ಹೋಗುತ್ತಿರಲಿಲ್ಲ. ಓದುವವರೂ ಹೋಗಬಾರದು. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಚೀನೀ ಸಾಂಪ್ರದಾಯಿಕ ವೈದ್ಯಕೀಯದ ಹಿರಿಯ ವೈದ್ಯೆಯೊಬ್ಬರ ಬಳಿ ನನ್ನನ್ನು ಕರೆದೊಯ್ದದ್ದು ಕಚೇರಿಯ ಸಹೋದ್ಯೋಗಿ. ವೈದ್ಯೆ ನನ್ನ ಬಲ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು. ನಡುಬೆರಳಿನ ಕೆಳಗಿನ ನಾಡಿ ಜೀರ್ಣಶಕ್ತಿಯನ್ನು ಹೇಳುತ್ತದಂತೆ. ನಾಲಗೆ ಚಾಚಲು ಹೇಳಿ, ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿದೆ, ಮೇಲೆ ಬಿಳಿಯ ಜಿಡ್ಡು ಪದರವಿದೆ ಎಂದರು. ಆಮೇಲೆ ಪ್ರಶ್ನೆಗಳ ಸುರಿಮಳೆ. ಬಾಯಾರಿದಾಗ ತಣ್ಣೀರು ಬೇಕೆನಿಸುತ್ತದೆಯೇ, ಬಿಸಿನೀರೇ? ಕೈಕಾಲು ತಣ್ಣಗಿರುತ್ತವೆಯೇ? ಮಲ ಶೌಚದ ಬೇಸಿನ್ನಿಗೆ ಅಂಟುತ್ತದೆಯೇ? ಕೊನೆಯ ಪ್ರಶ್ನೆಗೆ ಸಹೋದ್ಯೋಗಿಯ ಎದುರು ಉತ್ತರಿಸಲು ನಾಚಿಕೆಯಾಯಿತು, ಆದರೆ ಆ ನಾಚಿಕೆ ನನಗೆ ಮಾತ್ರ. ಅಲ್ಲಿನವರಿಗೆ ಇದು ಹವಾಮಾನ ವಿಚಾರಿಸಿದಷ್ಟೇ ಸಹಜ.

ಅವರು ಹೇಳಿದ್ದರ ತಿರುಳು ಇಷ್ಟು. ಹೊಟ್ಟೆ ಆಹಾರವನ್ನು ಬರಮಾಡಿಕೊಳ್ಳುತ್ತದೆ. ‘ಪೀ’ ಎಂದು ಅವರು ಕರೆಯುವ ಅಂಗ ಅದನ್ನು ಸಾರವಾಗಿ ಮಾರ್ಪಡಿಸಿ ಮೈಗೆಲ್ಲ ಹಂಚುತ್ತದೆ. ಪ್ರಾಚೀನ ಗ್ರಂಥ ‘ಹುವಾಂಗ್‌ಡಿ ನೆಯ್‌ಜಿಂಗ್’ ಇವೆರಡನ್ನೂ ಧಾನ್ಯದ ಉಗ್ರಾಣದ ಅಧಿಕಾರಿಗಳೆಂದು ಕರೆಯುತ್ತದೆ. ಪೀ ದುರ್ಬಲವಾದರೆ ದ್ರವಾಂಶ ಸಾಗದೆ ಒಳಗೇ ನಿಂತು ‘ತೇವ’ವಾಗುತ್ತದೆ. ಉಬ್ಬರ, ಜಡತೆ, ನಾಲಗೆಯ ಜಿಡ್ಡು ಎಲ್ಲವೂ ಅದರ ಕುರುಹುಗಳು. ಹಸಿ ಆಹಾರ, ತಣ್ಣನೆಯ ಆಹಾರ, ಅತಿ ಸಿಹಿ, ಅತಿ ಜಿಡ್ಡು, ಹೊತ್ತುಮೀರಿದ ಊಟ, ಕೊನೆಗೆ ಅತಿಯಾದ ಚಿಂತೆ ಕೂಡ ಅದನ್ನು ಕೆಡಿಸುತ್ತವೆ. ಪುಸ್ತಕಗಳು ಪೀಯನ್ನು ಗುಲ್ಮವೆಂದು ಅನುವಾದಿಸುತ್ತವೆ, ಆದರೆ ಶಸ್ತ್ರಚಿಕಿತ್ಸೆಯಲ್ಲಿ ಗುಲ್ಮ ತೆಗೆಸಿಕೊಂಡವರಿಗೂ ಅನ್ನ ಜೀರ್ಣವಾಗುತ್ತದೆ. ಹಾಗಾಗಿ ನಾನು ಪೀಯನ್ನು ಒಂದು ಅಂಗವೆಂದು ನಂಬುವ ಗೋಜಿಗೆ ಹೋಗಲಿಲ್ಲ. ಊಟದ ಶಿಸ್ತನ್ನು ನೆನಪಿನಲ್ಲಿಟ್ಟುಕೊಳ್ಳಲು ಹಿಂದಿನವರು ಬರೆದುಕೊಂಡ ನಕ್ಷೆಯೆಂದು ತೆಗೆದುಕೊಂಡೆ. ನಕ್ಷೆಯಲ್ಲಿ ಊರಿನ ಬಣ್ಣ ತಪ್ಪಿದ್ದರೂ ದಾರಿ ಸರಿಯಿರಬಹುದು.

ಈ ಚಿಂತನೆಗೆ ಗಟ್ಟಿ ಬುನಾದಿ ಹಾಕಿದವನು ವೈದ್ಯ ಲಿ ಡೊಂಗ್‌ಯುವಾನ್ (1180–1251). ಅವನ ಕಾಲದ ಕಥೆ ನನಗೆ ಸಿದ್ಧಾಂತಕ್ಕಿಂತ ಹೆಚ್ಚು ನಾಟಿತು. 1232ರಲ್ಲಿ ಮಂಗೋಲರು ಇಂದಿನ ಕೈಫೆಂಗ್ ನಗರಕ್ಕೆ ಮುತ್ತಿಗೆ ಹಾಕಿದರು. ಮುತ್ತಿಗೆಯ ಬೆನ್ನಲ್ಲೇ ನಗರದಲ್ಲಿ ಜನ ಹುಳುಗಳಂತೆ ಸತ್ತರು. ಬೇರೆ ವೈದ್ಯರು ಹೊರಗಿನಿಂದ ಬಂದ ಚಳಿಯ ಜ್ವರವೆಂದು ಬಗೆದು ಬೆವರಿಳಿಸುವ, ಭೇದಿ ಮಾಡಿಸುವ ಔಷಧ ಕೊಟ್ಟರೆ, ಲಿ ಬೇರೆ ಮಾತು ಹೇಳಿದ: ಹಸಿವು, ದಣಿವು, ಭಯಗಳಿಂದ ಮೊದಲೇ ಜೀರ್ಣಶಕ್ತಿ ಕುಸಿದವರಿಗೆ ಇಂಥ ಔಷಧವೇ ಕುತ್ತು. ಪೀ ಮತ್ತು ಹೊಟ್ಟೆಯ ಕುರಿತ ಅವನ ‘ಪೀವೇಯ್ ಲುನ್’ ಗ್ರಂಥ 1249ರದು. ನನ್ನ ವೈದ್ಯೆಯ ಮಾತಿನಲ್ಲಿ ಅವನ ಹೆಸರು ಆಗಾಗ ಹಣಕುತ್ತಿತ್ತು, ನಮ್ಮ ಹಿರಿಯರ ಬಾಯಲ್ಲಿ ಸರ್ವಜ್ಞನ ವಚನ ಬರುವ ಹಾಗೆ.

ಔಷಧದ ಚೀಟಿಯನ್ನು ನಾನು ಬೇಡವೆಂದೆ, ಅವರು ಬೇಸರಿಸಲಿಲ್ಲ. ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊ ಮೊದಲು ಆಹಾರದಿಂದ ಗುಣಪಡಿಸಿ, ಅದು ಸೋತರೆ ಮಾತ್ರ ಔಷಧ ಕೊಡಿ ಎಂದಿದ್ದಾನಂತೆ. ಹಾಗಾದರೆ ಅಡುಗೆಮನೆಯಿಂದಲೇ ಆರಂಭಿಸೋಣ ಎಂದರು.

ನೀರಿನ ವಿಷಯ ಸುಲಭ. ಚೀನಾದಲ್ಲಿ ಬಿಸಿನೀರು ಎಲ್ಲೆಡೆ ಸಿಗುತ್ತದೆ. ರೈಲಿನ ಬೋಗಿಯಲ್ಲಿ, ನಿಲ್ದಾಣದಲ್ಲಿ, ಕಚೇರಿಯಲ್ಲಿ ಕುದಿನೀರಿನ ನಲ್ಲಿ ಇರುತ್ತದೆ. ಒಂದು ಥರ್ಮಾಸ್ ಕೊಂಡೆ, ಅಷ್ಟೇ. ಬೆಳಗಿನ ತಿಂಡಿಯನ್ನು ಒಂಬತ್ತು ಗಂಟೆಯೊಳಗೆ ಮುಗಿಸತೊಡಗಿದೆ. ಅವರ ದೇಹದ ಗಡಿಯಾರದಲ್ಲಿ ಏಳರಿಂದ ಒಂಬತ್ತು ಹೊಟ್ಟೆಯ ಹೊತ್ತು, ಒಂಬತ್ತರಿಂದ ಹನ್ನೊಂದು ಪೀಯ ಹೊತ್ತು. ಗಡಿಯಾರವನ್ನು ನಂಬಿದೆನೋ ಇಲ್ಲವೋ, ಒಂಬತ್ತರೊಳಗೆ ಬಿಸಿ ತಿಂಡಿ ತಿಂದವನಿಗೆ ಹನ್ನೆರಡೂವರೆಗೆ ನಿಜವಾದ ಹಸಿವಾಗುತ್ತದೆ. ಮೂರು ಗಂಟೆಯ ಊಟ ತಾನಾಗಿಯೇ ಹಿಂದೆ ಸರಿಯಿತು.

ತಿಂಡಿಗೆ ಅವರು ಹೇಳಿದ್ದು ‘ಶಿಯಾವೊಮಿ’ ಗಂಜಿ. ಅಂಗಡಿಯಲ್ಲಿ ಚೀಲ ಬಿಚ್ಚಿ ನೋಡಿದರೆ, ನಮ್ಮ ನವಣೆ! (ಅದೇ ಹೆಸರಿನ ಮೊಬೈಲ್ ಕಂಪನಿಯ ಫೋನನ್ನು ವರ್ಷಗಟ್ಟಲೆ ಬಳಸಿದ್ದೆ, ಅದು ಕಾಳಿನ ಹೆಸರೆಂದು ಗೊತ್ತಿರಲಿಲ್ಲ.) ಸಾವಿರಾರು ವರ್ಷಗಳ ಹಿಂದೆ ಉತ್ತರ ಚೀನಾದ ರೈತರು ಪಳಗಿಸಿದ ಬೆಳೆ ಇದು. ಅಲ್ಲಿ ಇಂದಿಗೂ ಬಾಣಂತಿಗೆ ನವಣೆ ಗಂಜಿಯನ್ನು ಕೆಂಪು ಸಕ್ಕರೆಯೊಂದಿಗೆ ಕೊಡುತ್ತಾರೆ. ಫೋನಿನಲ್ಲಿ ಅವ್ವನಿಗೆ ಹೇಳಿದೆ. ‘ನವಣೆ ತಿನ್ನಲು ಅಷ್ಟು ದೂರ ಹೋಗಬೇಕಿತ್ತೇನು?’ ಎಂದಳು.

ಆದರೆ ಅವ್ವ ಮಾಡುತ್ತಿದ್ದದ್ದು ನವಣೆ ಅನ್ನ, ಇದು ಬೇರೆ. ಒಂದು ಪಾಲು ಕಾಳಿಗೆ ಹತ್ತು ಹನ್ನೆರಡು ಪಾಲು ನೀರು. ನೀರು ಕುದಿ ಬಂದ ಮೇಲೆಯೇ ಕಾಳು ಸುರಿಯಬೇಕು, ಇಲ್ಲವಾದರೆ ತಳ ಹಿಡಿಯುತ್ತದೆ. ಮೊದಲ ಹತ್ತು ನಿಮಿಷ ಕೈಯಾಡಿಸುತ್ತಾ, ಆಮೇಲೆ ಸಣ್ಣ ಉರಿಯಲ್ಲಿ ಒಟ್ಟು ನಲವತ್ತು ನಿಮಿಷ. ಕಾಳು ಒಡೆದು ನೀರಿನಲ್ಲಿ ಬೆರೆತು, ಒಲೆ ಆರಿಸಿದ ಮೇಲೆ ತಿಳಿಹಳದಿ ಕೆನೆಯೊಂದು ಕಟ್ಟುತ್ತದೆ. ಅದನ್ನು ‘ಅಕ್ಕಿಯ ಎಣ್ಣೆ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಬಟ್ಟಲಿನಲ್ಲಿ ಅತ್ಯಂತ ಪುಷ್ಟಿಕರ ಭಾಗ ಅದೇ ಎಂದು ಅವರ ನಂಬಿಕೆ, ಅದನ್ನು ಬಸಿದು ಚೆಲ್ಲಬಾರದು. ಜೊತೆಗೆ ‘ಶಾನ್‌ಯಾವೊ’ ಗೆಡ್ಡೆಯ ಹೋಳು. ಇದು ನಮ್ಮ ಮುಡಿಗೆಣಸಿನ ಬಳಗದ್ದು. ಹೆನಾನ್ ಪ್ರಾಂತ್ಯದ ಜಿಯಾವೊಜುವೊ ಸೀಮೆಯ, ಕೋಲಿನಂತೆ ತೆಳ್ಳಗಿನ ಗೆಡ್ಡೆಗೆ ಬೆಲೆ ಹೆಚ್ಚು, ಬೆಂದಾಗ ಹಿಟ್ಟುಹಿಟ್ಟಾಗಿರುತ್ತದೆ. ಸಿಪ್ಪೆ ತೆಗೆಯುವಾಗ ಕೈಗವಸು ಹಾಕಿಕೊಳ್ಳಿ, ಇಲ್ಲವಾದರೆ ಸುವರ್ಣಗೆಡ್ಡೆಯಂತೆಯೇ ತುರಿಕೆ. ಸಕ್ಕರೆ ಹಾಕುವುದಿಲ್ಲ. ಬೀಜ ತೆಗೆದ ಒಣ ಕೆಂಪು ಬೋರೆಹಣ್ಣು ಎರಡು ಮೂರು ಸಾಕು. ಹೆಚ್ಚಾದರೆ ಅದೂ ಉಬ್ಬರಿಸುತ್ತದೆ.

ತೇವ ಇಳಿಸಲು ‘ಯೀರೆನ್’ ಎಂಬ ದಪ್ಪ ಬಿಳಿ ಕಾಳನ್ನು ಕೆಂಪು ಸಣ್ಣ ಅವರೆಯಂಥ ಕಾಳಿನೊಂದಿಗೆ ಕುದಿಸಿ ಆ ನೀರು ಕುಡಿಯುವುದು ಅಲ್ಲಿ ಮನೆಮನೆಯ ಮಾತು. ಹಸಿ ಯೀರೆನ್ ತಂಪು ಗುಣದ್ದು, ನನ್ನಂಥವರು ಬಾಣಲೆಯಲ್ಲಿ ಕೆಂಪಗೆ ಹುರಿದೇ ಬಳಸಬೇಕು ಎಂದು ವೈದ್ಯೆ ಒತ್ತಿ ಹೇಳಿದರು. ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ. ಹುರಿದ ಯೀರೆನ್ ನೀರಿಗೆ ಜವೆಗೋಧಿ ಚಹದ ಪರಿಮಳವಿರುತ್ತದೆ, ನನಗೆ ಇಷ್ಟವಾಯಿತು. ತೇವ ಇಳಿಯಿತೇ ಎಂದರೆ, ಮೂತ್ರವಂತೂ ಚೆನ್ನಾಗಿ ಇಳಿಯಿತು. ಬಟ್ಟಲು ಬಟ್ಟಲು ನೀರು ಕುಡಿದರೆ ಅದು ಆಗಲೇಬೇಕು.

ಬೀದಿ ಮೂಲೆಯ ‘ಲಿಯಾಂಗ್‌ಚಾ’ ಅಂಗಡಿಗಳ ಬಗ್ಗೆ ಒಂದು ಮಾತು. ಕಪ್ಪು ಕಷಾಯವನ್ನು ಲೋಟದಲ್ಲಿ ಮಾರುವ ಈ ಅಂಗಡಿಗಳಿಲ್ಲದ ಗುವಾಂಗ್‌ಝೌ ಇಲ್ಲ. 2006ರಲ್ಲಿ ಚೀನಾ ಇದನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿಸಿತು. ಕರಿದದ್ದು, ಲಿಚಿ ಹಣ್ಣು ತಿಂದು ‘ಬೆಂಕಿ ಏರಿದಾಗ’, ಅಂದರೆ ಮೈಗೆ ಉಷ್ಣವಾದಾಗ, ಇದು ಮದ್ದು. ಸಹೋದ್ಯೋಗಿಗಳು ನನಗೂ ಒತ್ತಾಯಿಸುತ್ತಿದ್ದರು. ವೈದ್ಯೆ ಮಾತ್ರ ಕೈಯಾಡಿಸಿ ಬೇಡವೆಂದರು. ಅದು ತಂಪು ಗುಣದ ಗಿಡಮೂಲಿಕೆಗಳ ಕಷಾಯ, ಬಿಸಿಯಾಗಿ ಕುಡಿದರೂ ಗುಣ ತಂಪೇ, ಸೊರಗಿದ ಹೊಟ್ಟೆಗೆ ಸಲ್ಲದು. ಇಡೀ ಊರು ಕುಡಿಯುವುದನ್ನು ಒಬ್ಬನಿಗೆ ಬೇಡವೆನ್ನುವ ಈ ಗುಣ ನನಗೆ ಆ ವೈದ್ಯಕೀಯದಲ್ಲಿ ಹಿಡಿಸಿತು. ಎಲ್ಲರಿಗೂ ಎಲ್ಲ ಕಾಲಕ್ಕೂ ಒಳ್ಳೆಯದಾದ ಆಹಾರ ಅವರಲ್ಲಿ ಇಲ್ಲ.

ನಿಜವಾದ ಜಗಳ ಆದದ್ದು ಮೊಸರಿಗಾಗಿ. ಹಾಲು ಮೊಸರುಗಳು ತೇವ ಹುಟ್ಟಿಸುತ್ತವೆ, ಬಿಡಿ ಎಂದರು. ಊಟದ ಕೊನೆಯಲ್ಲಿ ಮೊಸರಿಲ್ಲದಿದ್ದರೆ ಊಟವೇ ಆಗಿಲ್ಲವೆಂದುಕೊಳ್ಳುವ ನಾಡಿನವನು ನಾನು. ಚೀನೀಯರಲ್ಲಿ ಹೆಚ್ಚಿನ ವಯಸ್ಕರಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಆ ಅನುಭವವೇ ಇಲ್ಲಿ ನಿಯಮವಾಗಿರಬೇಕು ಎಂದು ವಾದಿಸಿದೆ. ಗುವಾಂಗ್‌ಝೌನ ಪನ್ಯು ಜಿಲ್ಲೆಯ ಶಾವಾನ್ ಊರಿನ ಹೆಸರಾಂತ ತಿನಿಸನ್ನೂ ಎತ್ತಿದೆ. ಶುಂಠಿಯ ರಸವಿರುವ ಬಟ್ಟಲಿಗೆ ಬಿಸಿ ಹಾಲು ಸುರಿದರೆ, ಶುಂಠಿಯಲ್ಲಿರುವ ಕಿಣ್ವದಿಂದ ಹಾಲು ನಿಮಿಷಗಳಲ್ಲಿ ಗಿಣ್ಣಿನಂತೆ ಗಟ್ಟಿಯಾಗುತ್ತದೆ. ನೀವೂ ಹಾಲು ತಿನ್ನುತ್ತೀರಲ್ಲ ಎಂದೆ. ಅವರು ನಕ್ಕು, ‘ಅದಕ್ಕೇ ಅದರಲ್ಲಿ ಶುಂಠಿ ಇದೆ’ ಎಂದರು.

ಸರಿ, ಕೆಲವು ವಾರ ಮೊಸರು ನಿಲ್ಲಿಸಿ ನೋಡಿದೆ. ಉಬ್ಬರ ಇಳಿಯಿತು. ಆಮೇಲೆ ಒಂದೊಂದಾಗಿ ಮರಳಿ ತಂದೆ. ಸೂಪರ್‌ಮಾರ್ಕೆಟ್ಟಿನ ಸಿಹಿ ಮೊಸರನ್ನು ರಾತ್ರಿ ಫ್ರಿಜ್ಜಿನಿಂದ ತೆಗೆದು ತಿಂದರೆ ಹೊಟ್ಟೆ ಮತ್ತೆ ತಮಟೆ. ಮನೆಯಲ್ಲಿ ಹೆಪ್ಪು ಹಾಕಿದ್ದನ್ನು ಮಧ್ಯಾಹ್ನ, ನೀರು ಬೆರೆಸಿ ಕಡೆದು, ಶುಂಠಿ, ಜೀರಿಗೆ, ಇಂಗು ಹಾಕಿ ಮಜ್ಜಿಗೆ ಮಾಡಿದರೆ ಏನೂ ಆಗಲಿಲ್ಲ. ರಾತ್ರಿ ಮೊಸರು ತಿನ್ನಬಾರದು ಎಂದು ಚರಕಸಂಹಿತೆಯೂ ಹೇಳುತ್ತದೆ. ನಮ್ಮಲ್ಲಿ ಹಿರಿಯರು ಇದನ್ನು ಹೇಳಿದಾಗ ಮೂಢನಂಬಿಕೆಯೆಂದು ಮುಖ ತಿರುಗಿಸಿದ್ದ ನಾನು ಚೀನಾದಲ್ಲಿ ಸಲಹಾ ಶುಲ್ಕ ಕೊಟ್ಟು ಅದನ್ನೇ ಕೇಳಿಸಿಕೊಂಡೆ.

ಹಸಿ ತರಕಾರಿ, ತಂಗಳನ್ನಗಳ ಮೇಲಿನ ಅವರ ಸಿಟ್ಟಿಗೂ ಬೇರೆ ಭಾಷೆಯಲ್ಲಿ ಕಾರಣವಿದೆ. ಬೇಯಿಸಿದಾಗ ಪಿಷ್ಟ ನೀರು ಹೀರಿ ಉಬ್ಬಿ ಕಿಣ್ವಗಳಿಗೆ ಸುಲಭದ ತುತ್ತಾಗುತ್ತದೆ, ತರಕಾರಿಯ ನಾರು ಮೆತ್ತಗಾಗುತ್ತದೆ. ಅನ್ನ ಆರಿ ತಣ್ಣಗಾದಾಗ ಪಿಷ್ಟದ ಒಂದು ಭಾಗ ಮತ್ತೆ ಬಿಗಿದುಕೊಂಡು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ಹುಟ್ಟಿಸುತ್ತವೆ. ಗಟ್ಟಿ ಕರುಳಿನವರಿಗೆ ಇದು ಒಳ್ಳೆಯದೇ. ನನ್ನಂಥವರಿಗೆ ಉಬ್ಬರ. ಆದರೆ ನಾಡಿಯ ಮೂರು ಬೆರಳಿಗೆ, ದೇಹದ ಗಡಿಯಾರಕ್ಕೆ ಇಂಥ ವಿವರಣೆ ನನಗೆ ಸಿಕ್ಕಿಲ್ಲ. ಹೊತ್ತಿಗೆ ಸರಿಯಾಗಿ, ಬಿಸಿಯಾಗಿ, ಮಿತವಾಗಿ ಉಣ್ಣುವ ಯಾರಿಗಾದರೂ ಹೊಟ್ಟೆ ಸುಧಾರಿಸುತ್ತದೆ. ನಾನು ಗುಣವಾದುದರಲ್ಲಿ ಸಿದ್ಧಾಂತದ ಪಾಲೆಷ್ಟು, ಶಿಸ್ತಿನ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ.

ಮೂಲಿಕೆಗಳ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಅಡುಗೆಗೆ ಬಳಸುವ ಶುಂಠಿ, ಶಾನ್‌ಯಾವೊ, ಶಿನ್‌ಹುಯಿ ಊರಿನಲ್ಲಿ ಕನಿಷ್ಠ ಮೂರು ವರ್ಷ ಇಟ್ಟು ಮಾಗಿಸಿದ ಒಣ ಕಿತ್ತಳೆ ಸಿಪ್ಪೆ, ಇಷ್ಟರ ಆಚೆ ಹೋಗಿಲ್ಲ. ‘ನೈಸರ್ಗಿಕ’ ಎಂಬ ಮಾತಿಗೆ ಮರುಳಾಗಬಾರದು. ಅತಿಮಧುರವನ್ನು ದೀರ್ಘಕಾಲ ತಿಂದರೆ ರಕ್ತದೊತ್ತಡ ಏರಬಹುದು. ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಚೀನೀ ಮೂಲಿಕೆ ನುಂಗಿದವರ ಮೂತ್ರಪಿಂಡಗಳು ಕೆಟ್ಟ ಪ್ರಕರಣ 1993ರಲ್ಲಿ ವರದಿಯಾಯಿತು. ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲವಿರುವ ಬೇರೊಂದು ಗಿಡ ಸೇರಿಕೊಂಡಿತ್ತು.

ಬೇಸಿಗೆಯ ಕೊನೆಗೆ ಮತ್ತೆ ನಾಲಗೆ ತೋರಿಸಲು ಹೋದೆ. ಪದರ ತೆಳುವಾಗಿದೆ, ಹಲ್ಲಿನ ಗುರುತು ಇನ್ನೂ ಇದೆ ಎಂದರು. ಯೀರೆನ್ ನೀರು ಮುಂದುವರಿಸಲೇ ಎಂದು ಕೇಳಿದ್ದಕ್ಕೆ, ಬೇಡ, ಇನ್ನು ಶರತ್ಕಾಲ, ಗಾಳಿ ಒಣಗುತ್ತದೆ, ಆಗ ತೇವ ಹೀರುವ ಆಹಾರ ಮೈಯನ್ನೂ ಒಣಗಿಸುತ್ತದೆ ಎಂದರು. ಈಗ ಪೇರ್ ಹಣ್ಣು ತಿನ್ನಬೇಕಂತೆ. ಆದರೆ ಪೇರ್ ತಂಪು, ನಿಮ್ಮ ಹೊಟ್ಟೆಗೆ ಹಸಿಯಾಗಿ ಬೇಡ, ಕಿತ್ತಳೆ ಸಿಪ್ಪೆಯ ಚೂರು ಹಾಕಿ ಹಬೆಯಲ್ಲಿ ಬೇಯಿಸಿ ತಿನ್ನಿ ಎಂದರು. ಬರುವ ದಾರಿಯಲ್ಲಿ ಎರಡು ಪೇರ್ ಕೊಂಡುಕೊಂಡೆ. ಇಡ್ಲಿ ಪಾತ್ರೆಯಲ್ಲಿ ಚೆನ್ನಾಗಿ ಬೇಯುತ್ತವೆ.