ಡೇಟ್ ಆದ ಎರಡನೇ ದಿನದ ಸ್ಕ್ಯಾನ್

ದಾವಣಗೆರೆಯಲ್ಲಿ ಸ್ಕ್ಯಾನಿಂಗ್ ಶುರು ಮಾಡಿದ ಹೊಸದರಲ್ಲಿ ಒಬ್ಬ ಹೆಣ್ಣುಮಗಳ ಬಲ ಅಂಡಾಶಯದಲ್ಲಿ ಏಳು ಫಾಲಿಕಲ್ (ಮೊಟ್ಟೆ ಬೆಳೆಯುವ ಪುಟ್ಟ ನೀರಿನ ಚೀಲ) ಎಂದು ಬರೆದುಕೊಟ್ಟಿದ್ದೆ. ಐವಿಎಫ್ ಡಾಕ್ಟರು ಮತ್ತೆ ನೋಡಿದಾಗ ಸಿಕ್ಕಿದ್ದು ನಾಲ್ಕೇ. ಪಕ್ಕದ ರಕ್ತನಾಳ ಅಡ್ಡಲಾಗಿ ಕಪ್ಪು ಗುಂಡಿನಂತೆ ಕಂಡದ್ದನ್ನೂ ಎಣಿಸಿದ್ದೆ, ಒಂದೆರಡನ್ನು ಎರಡು ಸಲ ಲೆಕ್ಕ ಹಿಡಿದಿದ್ದೆ. ಮೊಟ್ಟೆ ಬೆಳೆಸುವ ಇಂಜೆಕ್ಷನ್ನಿನ ಡೋಸ್ ನಿರ್ಧಾರವಾಗುವುದೇ ಈ ಲೆಕ್ಕ, ವಯಸ್ಸು, ಎಎಂಎಚ್ (ಮೊಟ್ಟೆಗಳ ಸಂಗ್ರಹ ಅಂದಾಜಿಸುವ ರಕ್ತದ ಹಾರ್ಮೋನ್ ಪರೀಕ್ಷೆ) ನೋಡಿ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಈಗ ಆತುರ ಪಡುವುದಿಲ್ಲ. ಡೇಟ್ (ಮುಟ್ಟು) ಆದ ಎರಡರಿಂದ ನಾಲ್ಕನೇ ದಿನದೊಳಗೆ ಬರಹೇಳುತ್ತೇನೆ. ಯೋನಿಯ ಒಳಗಿನಿಂದ ಮಾಡುವ ಈ ಸ್ಕ್ಯಾನಿಗೆ ಮೂತ್ರಕೋಶ ಖಾಲಿ ಇರಬೇಕು. ಜಗಳೂರು, ಚನ್ನಗಿರಿ ಕಡೆಯವರು ಹೊಟ್ಟೆ ಮೇಲಿನ ಸ್ಕ್ಯಾನ್ ಅಂದುಕೊಂಡು, ಬಸ್ಸಿನಲ್ಲೇ ಎರಡು ಬಾಟ್ಲಿ ನೀರು ಕುಡಿದು ತಡೆದುಕೊಂಡು ಬಂದಿರುತ್ತಾರೆ. ಪಾಪ, ಮೊದಲು ಹೋಗಿಬನ್ನಿ ಅನ್ನುತ್ತೇನೆ. ಆಮೇಲೆ ಅಂಡಾಶಯದ ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ದಿಕ್ಕಿನಲ್ಲಿ ಪ್ರೋಬ್ ಸರಿಸುತ್ತಾ 2ರಿಂದ 10 ಮಿ.ಮೀ. ಅಳತೆಯವನ್ನಷ್ಟೇ ಎಣಿಸುತ್ತೇನೆ. ಅನುಮಾನ ಬಂದಲ್ಲಿ ಪ್ರೋಬ್ ತಿರುಗಿಸುತ್ತೇನೆ: ಫಾಲಿಕಲ್ ಆದರೆ ಗುಂಡಗೇ ಉಳಿಯುತ್ತದೆ, ನಾಳವಾದರೆ ಕೊಳವೆಯಂತೆ ಉದ್ದವಾಗುತ್ತದೆ.

ಎಣಿಸುವುದಕ್ಕಿಂತ ಹೇಳುವುದು ಕಷ್ಟ. ಮೊನ್ನೆ ಇಪ್ಪತ್ತೆಂಟರ ಹುಡುಗಿ, ಎರಡೂ ಕಡೆ ಸೇರಿ ನಾಲ್ಕೇ ಇದ್ದವು. ಜೊತೆಗಿದ್ದ ಅತ್ತೆ ಸುತ್ತಿಬಳಸದೆ ಕೇಳಿದರು: "ಮೇಡಂ, ಇವಳಿಗೆ ಮಗು ಆಗತೈತೋ ಇಲ್ಲೋ, ಅಷ್ಟು ಹೇಳ್ರಿ."

"ಅಮ್ಮಾ, ಇಂಜೆಕ್ಷನ್ ಕೊಟ್ರೆ ಮೊಟ್ಟೆ ಎಷ್ಟು ಸಿಗಬಹುದು ಅಂತ ಇದು ಹೇಳತ್ತೆ. ಗರ್ಭ ನಿಲ್ಲತ್ತಾ ಅಂತ ಹೇಳಲ್ಲ. ಕಡಿಮೆ ಸಿಗಬಹುದು, ಆದ್ರೆ ವಯಸ್ಸು ಚಿಕ್ಕದು, ಸಿಕ್ಕ ಮೊಟ್ಟೆ ಚೆನ್ನಾಗಿರೋ ಸಾಧ್ಯತೆ ಜಾಸ್ತಿ. ತಡ ಮಾತ್ರ ಮಾಡಬೇಡಿ."

ಹುಡುಗಿ ಅಲ್ಲಿಯವರೆಗೂ ತಲೆ ಎತ್ತಿರಲಿಲ್ಲ. "ಹಂಗಾದ್ರೆ ನಾನು ಬಂಜೆ ಅಲ್ವಾ ಮೇಡಂ?" ಅಂದಳು. ಆ ಪದವನ್ನು ಮನೆಯಲ್ಲಿ ಎಷ್ಟು ಸಲ ಕೇಳಿದ್ದಳೋ!

ಪಿಸಿಓಡಿ (ಹಾರ್ಮೋನ್ ಏರುಪೇರಿನಿಂದ ಅಂಡಾಶಯದಲ್ಲಿ ಸಣ್ಣ ಫಾಲಿಕಲ್‌ಗಳು ತುಂಬುವ ತೊಂದರೆ) ಇರುವವರದು ಇದಕ್ಕೆ ತದ್ವಿರುದ್ಧ. ಒಂದೊಂದು ಅಂಡಾಶಯದಲ್ಲೂ ಇಪ್ಪತ್ತಕ್ಕೂ ಮೇಲೆ ಕಂಡರೆ ಮನೆಯವರಿಗೆ ಖುಷಿ. ಅಲ್ಲಿ ನನ್ನ ಚಿಂತೆಯೇ ಬೇರೆ: ಡೋಸ್ ಹೆಚ್ಚಾದರೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ. ಅಂಥವರ ರಿಪೋರ್ಟ್ ಕಳಿಸುವ ಮೊದಲು ಐವಿಎಫ್ ಡಾಕ್ಟರಿಗೆ ನಾನೇ ಫೋನ್ ಮಾಡುತ್ತೇನೆ.

ಆ ಹುಡುಗಿಯ ರಿಪೋರ್ಟಿನ ಕೊನೆಗೆ, "ಇದು ಮೊಟ್ಟೆಗಳ ಅಂದಾಜು ಮಾತ್ರ" ಎಂದು ಕನ್ನಡದಲ್ಲಿ ಕೈಯಿಂದಲೇ ಬರೆದು, ಅತ್ತೆ, ಗಂಡ ಇಬ್ಬರನ್ನೂ ಕೂರಿಸಿ ಓದಿ ಹೇಳಿದೆ. ಈಗ ಪ್ರತಿಯೊಬ್ಬರ ರಿಪೋರ್ಟಿನಲ್ಲೂ ಆ ಸಾಲು ಬರೆಯುತ್ತೇನೆ.